‘ಅಡಿಕೆ:ರಾಶಿ’ ಏಕೆ ಸಿಗುವುದಿಲ್ಲ? ಸೆಲೆಕ್ಟರ್‌ಗಳಲ್ಲಿ ವಿಶೇಷ ಚಿಹ್ನೆಗಳು

ಪ್ರಶ್ನೆ: ನಮ್ಮ ಬೆಳೆಗಾರರ ಗುಂಪಿಗಾಗಿ ಮಾರುಕಟ್ಟೆ ಧಾರಣೆ ತೋರಿಸುವ ಚಿಕ್ಕ ವೆಬ್ ಪುಟವೊಂದನ್ನು ಮಾಡಿದ್ದೇನೆ. ಪಟ್ಟಿಯ ಪ್ರತಿ ಸಾಲಿಗೂ ಕನ್ನಡದಲ್ಲೇ ಐಡಿ ಕೊಟ್ಟಿದ್ದೇನೆ: ‘ಅಡಿಕೆ:ರಾಶಿ’, ‘ಅಡಿಕೆ:ಬೆಟ್ಟೆ’, ‘ಮೆಣಸಿನಕಾಯಿ.ಡಬ್ಬಿ’, ‘2ನೇ-ದರ್ಜೆ’, ‘ಏಲಕ್ಕಿ’. ಜಾವಾಸ್ಕ್ರಿಪ್ಟ್‌ನಲ್ಲಿ ಇವನ್ನು ಹುಡುಕಿ ದರ ಬದಲಿಸಲು ಹೋದರೆ ಏಲಕ್ಕಿ ಮಾತ್ರ ಸಿಗುತ್ತದೆ. ಅಡಿಕೆಗೂ 2ನೇ ದರ್ಜೆಗೂ ದೋಷದ ಸಂದೇಶ ಬರುತ್ತದೆ. ಮೆಣಸಿನಕಾಯಿಗೆ ಸಂದೇಶವೂ ಇಲ್ಲ, ಸಾಲೂ ಇಲ್ಲ. ಕನ್ನಡ ಬಳಸಿದ್ದೇ ತಪ್ಪು, ಎಲ್ಲ ಐಡಿಗಳನ್ನೂ ಇಂಗ್ಲಿಷ್‌ಗೆ ಬದಲಿಸಬೇಕು ಎನ್ನುತ್ತಾರೆ ಗೆಳೆಯರೊಬ್ಬರು. ಇದು ನಿಜವೇ?

ಉತ್ತರ: ನಿಜವಲ್ಲ. ನಿಮ್ಮ ಗೆಳೆಯರ ಮಾತು ಕೇಳಿ ಎಲ್ಲವನ್ನೂ ಇಂಗ್ಲಿಷ್‌ಗೆ ಬದಲಿಸಿದರೂ ಕೋಲನ್, ಚುಕ್ಕಿ ಮತ್ತು ಮೊದಲಿನ ಅಂಕಿ ಹಾಗೆಯೇ ಉಳಿದರೆ ಇದೇ ಮೂರು ದೋಷಗಳು ಇದೇ ಮೂರು ಜಾಗಗಳಲ್ಲಿ ಬರುತ್ತವೆ. ಸಾಕ್ಷಿ ನಿಮ್ಮ ಪಟ್ಟಿಯಲ್ಲೇ ಇದೆ. ‘ಏಲಕ್ಕಿ’ ಅಪ್ಪಟ ಕನ್ನಡ ಲಿಪಿಯಲ್ಲಿದೆ, ಸಲೀಸಾಗಿ ಸಿಗುತ್ತಿದೆ. ಪುಟದ ಶೈಲಿ ಹೇಳುವ ಸಿಎಸ್‌ಎಸ್ ಭಾಷೆಯ ನಿಯಮದಲ್ಲಿ ಕನ್ನಡದ ಅಕ್ಷರ, ಕಾಗುಣಿತದ ಗುರುತು, ಒತ್ತಕ್ಷರಕ್ಕೆ ಬೇಕಾದ ಹಲಂತ ಎಲ್ಲವೂ ಹೆಸರಿನಲ್ಲಿ ಬರಬಹುದಾದ ಸಾಮಾನ್ಯ ಅಕ್ಷರಗಳೇ. ಅವುಗಳಿಗೆ ಯಾವ ರಕ್ಷಾಕವಚವೂ ಬೇಡ. ಕಾಟ ಕೊಡುತ್ತಿರುವುದು ಇಂಗ್ಲಿಷ್ ಕೀಲಿಮಣೆಯಲ್ಲಿರುವ ಹಳೆಯ ಚಿಹ್ನೆಗಳು.

ಮುಂದುವರಿಯುವ ಮುನ್ನ ಒಂದು ಮಾತು. ಈ ಉತ್ತರದಲ್ಲಿ ಫಂಕ್ಷನ್ ಮತ್ತು ಗುಣಲಕ್ಷಣಗಳ ಹೆಸರನ್ನು ಉಚ್ಚಾರಣೆಗೆ ತಕ್ಕಂತೆ ಕನ್ನಡದಲ್ಲಿ ಬರೆದಿದ್ದೇನೆ. ಕೋಡಿನಲ್ಲಿ ಅವನ್ನು ಇಂಗ್ಲಿಷ್ ಲಿಪಿಯಲ್ಲೇ ಬರೆಯಬೇಕು. ಐಡಿಗಳನ್ನು ಮಾತ್ರ ಇಲ್ಲಿರುವಂತೆಯೇ ಕನ್ನಡದಲ್ಲಿ ಬಳಸಬಹುದು.

ಗೊಂದಲದ ಮೂಲ ಇಷ್ಟೇ: ಐಡಿ ಎನ್ನುವುದು ಬರಿಯ ಪಠ್ಯ, ಸೆಲೆಕ್ಟರ್ ಎನ್ನುವುದು ಪುಟದ ಅಂಶಗಳನ್ನು ಆರಿಸಲು ಬಳಸುವ, ವ್ಯಾಕರಣವಿರುವ ಒಂದು ಪುಟ್ಟ ಭಾಷೆ. ಈಗಿನ ಎಚ್‌ಟಿಎಂಎಲ್ ಐಡಿಯ ಬರವಣಿಗೆಯ ಬಗ್ಗೆ ಕೇಳುವುದು ಎರಡೇ: ಕನಿಷ್ಠ ಒಂದು ಅಕ್ಷರವಿರಬೇಕು, ನಡುವೆ ಖಾಲಿ ಜಾಗ ಇರಬಾರದು. ಕೋಲನ್, ಚುಕ್ಕಿ, ಆವರಣ ಏನಿದ್ದರೂ ಅದಕ್ಕೆ ಒಪ್ಪಿಗೆ. 1997ರಲ್ಲಿ ಬಂದ ಎಚ್‌ಟಿಎಂಎಲ್ 4 ಇದಕ್ಕಿಂತ ಬಹಳ ಬಿಗಿಯಾಗಿತ್ತು. ಐಡಿ ಇಂಗ್ಲಿಷ್ ಅಕ್ಷರದಿಂದಲೇ ಆರಂಭವಾಗಬೇಕು, ಅದರಲ್ಲಿ ಅಕ್ಷರ, ಅಂಕಿ ಮತ್ತು ಕೆಲವೇ ಚಿಹ್ನೆಗಳಿರಬೇಕು ಎಂದಿತ್ತು. ‘ಐಡಿಯಲ್ಲಿ ಕನ್ನಡ ಬೇಡ’ ಎಂಬ ಉಪದೇಶಕ್ಕೆ ಆಗ ಅರ್ಥವಿತ್ತು, ಈಗ ಇಲ್ಲ. ತಮಾಷೆಯೆಂದರೆ ಅಷ್ಟು ಬಿಗಿಯಾಗಿದ್ದ ಆ ನಿಯಮವೇ ಕೋಲನ್ ಮತ್ತು ಚುಕ್ಕಿಯನ್ನು ಒಳಗೆ ಬಿಟ್ಟುಕೊಂಡಿತ್ತು. ಸಿಎಸ್‌ಎಸ್‌ನಲ್ಲಿ ಆ ಎರಡಕ್ಕೂ ಬೇರೆಯೇ ಕೆಲಸವಿತ್ತು.

ಸೆಲೆಕ್ಟರ್ ಕೊಟ್ಟರೆ ಅಂಶವನ್ನು ಹುಡುಕಿಕೊಡುವ ‘ಕ್ವೆರಿಸೆಲೆಕ್ಟರ್’ ಫಂಕ್ಷನ್ ನಿಮ್ಮ ಐಡಿಗಳನ್ನು ಹೇಗೆ ಓದುತ್ತದೆ ನೋಡಿ; ‘#’ ಎಂದರೆ ಅದಕ್ಕೆ ಐಡಿ. ‘#ಅಡಿಕೆ:ರಾಶಿ’ ಎಂದರೆ ಅದಕ್ಕೆ ‘ಅಡಿಕೆ ಎಂಬ ಐಡಿಯ ಅಂಶ, ಅದು ರಾಶಿ ಎಂಬ ಸ್ಥಿತಿಯಲ್ಲಿರಬೇಕು’ ಎಂದು ಕೇಳಿಸುತ್ತದೆ. ಮೌಸ್ ಮೇಲಿದೆ, ಗುರುತು ಹಾಕಲಾಗಿದೆ ಎಂಬಂಥ ಸ್ಥಿತಿಗಳನ್ನು ಕೋಲನ್ ಹಾಕಿಯೇ ಹೇಳುವುದು. ರಾಶಿ ಎಂಬ ಸ್ಥಿತಿ ಬ್ರೌಸರ್‌ಗೆ ಗೊತ್ತಿಲ್ಲ, ಆದ್ದರಿಂದ ವ್ಯಾಕರಣ ದೋಷವೆಂದು ಕೂಗುತ್ತದೆ. ‘#2ನೇ-ದರ್ಜೆ’ಯಲ್ಲಿ ಹೆಸರು ಅಂಕಿಯಿಂದ ಆರಂಭವಾಗಿದೆ. ಸೆಲೆಕ್ಟರ್‌ನಲ್ಲಿ ಅದು ಸಲ್ಲದು, ಮತ್ತೆ ಕೂಗು.

‘#ಮೆಣಸಿನಕಾಯಿ.ಡಬ್ಬಿ’ಯ ಕಥೆ ಬೇರೆ. ‘ಮೆಣಸಿನಕಾಯಿ ಎಂಬ ಐಡಿಯೂ ಡಬ್ಬಿ ಎಂಬ ಕ್ಲಾಸೂ ಇರುವ ಅಂಶ’ ಎಂದು ಇದರ ಅರ್ಥ. ವ್ಯಾಕರಣದ ಪ್ರಕಾರ ಇದರಲ್ಲಿ ಕೊಂಚವೂ ತಪ್ಪಿಲ್ಲ. ಬ್ರೌಸರ್ ಹುಡುಕುತ್ತದೆ, ಅಂಥ ಅಂಶ ಪುಟದಲ್ಲಿಲ್ಲ, ‘ಇಲ್ಲ’ ಎಂದು ‘ನಲ್’ ಕೊಟ್ಟು ಸುಮ್ಮನಾಗುತ್ತದೆ. ಕೂಗುವ ದೋಷಕ್ಕಿಂತ ಈ ಮೌನವೇ ಅಪಾಯ. ಅಧಿಕ ಚಿಹ್ನೆಯೂ ಹೀಗೆಯೇ ವಂಚಿಸುತ್ತದೆ. ‘#ಎ+ದರ್ಜೆ’ ಎಂದು ಬರೆದರೆ, ‘ಎ ಐಡಿಯ ಪಕ್ಕದಲ್ಲೇ ಇರುವ ದರ್ಜೆ ಎಂಬ ಟ್ಯಾಗ್’ ಎಂದು ಓದಿಕೊಂಡು ಬರಿಗೈಯಲ್ಲಿ ಮರಳುತ್ತದೆ. ಮೌನವಾಗಿ ತಪ್ಪುವ ಚಿಹ್ನೆಗಳನ್ನು ನೆನಪಿಡಿ: ಚುಕ್ಕಿ, ಅಧಿಕ ಚಿಹ್ನೆ, ‘>’, ‘~’, ಅಲ್ಪವಿರಾಮ, ಖಾಲಿ ಜಾಗ. ಆವರಣ, ಓರೆಗೆರೆ, ಡಾಲರ್, ಶೇಕಡಾ ಚಿಹ್ನೆಗಳು ಸಾಮಾನ್ಯವಾಗಿ ಕೂಗಿ ಹೇಳುತ್ತವೆ. ನಮ್ಮ ‘₹’ಗೆ ಈ ರಗಳೆ ಯಾವುದೂ ಇಲ್ಲ. ಅದು ಇಂಗ್ಲಿಷ್ ಅಕ್ಷರ, ಅಂಕಿ, ಚಿಹ್ನೆಗಳಷ್ಟೇ ಇರುವ ಹಳೆಯ ಆಸ್ಕಿ ಪಟ್ಟಿಯ ಹೊರಗಿನದು, ಕನ್ನಡ ಅಕ್ಷರಗಳಂತೆಯೇ ಒಳಗೆ ಬರುತ್ತದೆ.

ಇನ್ನೂ ಒಂದು ಸ್ವಾರಸ್ಯ ಇದೆ. ಅಂಕಿಯಿಂದ ಆರಂಭವಾಗಬಾರದು ಎಂಬ ನಿಯಮ 0ರಿಂದ 9ರವರೆಗಿನ ಆಸ್ಕಿ ಅಂಕಿಗಳಿಗೆ ಮಾತ್ರ. ‘#೨ನೇ-ದರ್ಜೆ’ ಎಂದು ಕನ್ನಡ ಅಂಕಿಯಲ್ಲಿ ಬರೆದರೆ ಸೆಲೆಕ್ಟರ್ ಚಕಾರವೆತ್ತುವುದಿಲ್ಲ! ಜಾವಾಸ್ಕ್ರಿಪ್ಟ್‌ನ ವೇರಿಯಬಲ್ ಹೆಸರಿಗೆ ಈ ರಿಯಾಯಿತಿ ಇಲ್ಲ. ಅಲ್ಲಿ ಕನ್ನಡ ಅಂಕಿಯೂ ಅಂಕಿಯೇ.

ಈಗ ಪರಿಹಾರಕ್ಕೆ ಬರೋಣ. ನಿಮಗೆ ಬೇಕಾಗಿರುವುದು ಐಡಿಯಿಂದ ಒಂದು ಸಾಲನ್ನು ಹಿಡಿಯುವುದಷ್ಟೇ. ಹಾಗಿದ್ದರೆ ಸೆಲೆಕ್ಟರ್ ಎಂಬ ಭಾಷೆಯನ್ನೇ ಮಾತಾಡಬೇಡಿ. ‘ಗೆಟ್‌ಎಲಿಮೆಂಟ್‌ಬೈಐಡಿ("ಅಡಿಕೆ:ರಾಶಿ")’ ಎಂದು ಕೇಳಿ, ಕೆಲಸ ಮುಗಿಯಿತು. ಈ ಫಂಕ್ಷನ್ ಐಡಿಯನ್ನು ಪಠ್ಯವಾಗಿಯೇ ಹೋಲಿಸುತ್ತದೆ. ಅದಕ್ಕೆ ಕೋಲನ್ ಕೂಡ ಒಂದೇ, ‘ಕ’ ಕೂಡ ಒಂದೇ. ಮುಂದೆ ‘#’ ಹಾಕಬಾರದು, ಅಷ್ಟೇ ಎಚ್ಚರ. ಇದು ಹಳೆಯ ಕಾಲದ್ದೆಂದು ಮೂಗು ಮುರಿಯುವವರಿದ್ದಾರೆ. ಒಂದೇ ಅಂಶವನ್ನು ಐಡಿಯಿಂದ ಹುಡುಕಲು ಇದಕ್ಕಿಂತ ನೇರವಾದ ದಾರಿ ನನಗೆ ಕಂಡಿಲ್ಲ.

ಸೆಲೆಕ್ಟರ್ ಬೇಕೇ ಬೇಕಾಗುವ ಸಂದರ್ಭಗಳೂ ಇವೆ. ಉದಾಹರಣೆಗೆ ‘ಅಡಿಕೆ:ರಾಶಿ’ ಸಾಲಿನೊಳಗಿನ ‘ದರ’ ಎಂಬ ಕ್ಲಾಸಿನ ಕೋಶ. ಅಲ್ಲಿ ‘ಸಿಎಸ್‌ಎಸ್.ಎಸ್ಕೇಪ್’ ಎಂಬ ಫಂಕ್ಷನ್ ಇದೆ, ಇಂದಿನ ಎಲ್ಲ ಬ್ರೌಸರ್‌ಗಳಲ್ಲೂ ಸಿಗುತ್ತದೆ. ಅದಕ್ಕೆ ‘ಅಡಿಕೆ:ರಾಶಿ’ ಕೊಟ್ಟರೆ ‘ಅಡಿಕೆ\:ರಾಶಿ’ ಬರುತ್ತದೆ. ‘2ನೇ-ದರ್ಜೆ’ ಕೊಟ್ಟರೆ ‘\32 ನೇ-ದರ್ಜೆ’ ಬರುತ್ತದೆ. ‘ಏಲಕ್ಕಿ’ ಕೊಟ್ಟರೆ ಏಲಕ್ಕಿಯೇ ಮರಳುತ್ತದೆ. ಹೀಗಾಗಿ ಯಾವ ಹೆಸರಿಗೆ ಬೇಕು, ಯಾವುದಕ್ಕೆ ಬೇಡ ಎಂದು ತಲೆ ಕೆಡಿಸಿಕೊಳ್ಳದೆ ಎಲ್ಲವನ್ನೂ ಇದರ ಮೂಲಕ ಹಾಯಿಸಬಹುದು. ನೆನಪಿಡಬೇಕಾದದ್ದು, ಫಂಕ್ಷನ್ನಿಗೆ ಹೆಸರನ್ನು ಮಾತ್ರ ಕೊಡಬೇಕು. ‘#ಅಡಿಕೆ:ರಾಶಿ .ದರ’ ಎಂದು ಇಡೀ ಸೆಲೆಕ್ಟರನ್ನೇ ಒಳಗೆ ತುರುಕಿದರೆ ‘#’, ಚುಕ್ಕಿ, ಖಾಲಿ ಜಾಗ ಎಲ್ಲವೂ ಅರ್ಥ ಕಳೆದುಕೊಂಡು ಒಂದೇ ಉದ್ದನೆಯ ಹೆಸರಾಗುತ್ತವೆ. ‘#’ ಹೊರಗೆ, ಹೆಸರು ಒಳಗೆ, ಉಳಿದದ್ದು ಮತ್ತೆ ಹೊರಗೆ. ಇದರ ಫಲವನ್ನು ‘ಗೆಟ್‌ಎಲಿಮೆಂಟ್‌ಬೈಐಡಿ’ಗೆ ಕೊಡುವುದೂ ತಪ್ಪೇ. ಅದು ಹಿಂಗೆರೆಯನ್ನೂ (‘\’) ಹೆಸರಿನ ಭಾಗವೆಂದು ನಂಬಿ ಹುಡುಕುತ್ತದೆ. ಜೆಕ್ವೆರಿ ಎಂಬ ಜಾವಾಸ್ಕ್ರಿಪ್ಟ್ ಲೈಬ್ರರಿ ಬಳಸುತ್ತಿದ್ದರೆ ಇದೇ ಕೆಲಸಕ್ಕೆ ‘ಎಸ್ಕೇಪ್‌ಸೆಲೆಕ್ಟರ್’ ಇದೆ. 2016ರಲ್ಲಿ ಬಂದ 3.0 ಆವೃತ್ತಿಯಿಂದ ಅದು ಲಭ್ಯ.

ಮೂರನೆಯ ದಾರಿ ಗುಣಲಕ್ಷಣದ ಸೆಲೆಕ್ಟರ್: ‘[ಐಡಿ="ಅಡಿಕೆ:ರಾಶಿ"]’. ಉದ್ಧರಣ ಚಿಹ್ನೆಯೊಳಗೆ ಇರುವುದು ಪಠ್ಯ, ಆದ್ದರಿಂದ ಕೋಲನ್, ಚುಕ್ಕಿ, ಮೊದಲಿನ ಅಂಕಿ ಏನಿದ್ದರೂ ತೊಂದರೆಯಿಲ್ಲ. ಅದೇ ಉದ್ಧರಣ ಚಿಹ್ನೆ, ಹಿಂಗೆರೆ ಮತ್ತು ಸಾಲು ಮುರಿತ ಮಾತ್ರ ಅಲ್ಲಿ ತಕರಾರು ಮಾಡುತ್ತವೆ. ಉದ್ಧರಣ ಚಿಹ್ನೆ ಬಿಡುವ ಚಾಳಿ ಹಲವರಿಗಿದೆ, ಬಿಟ್ಟರೆ ಮತ್ತೆ ಹೆಸರಿನ ನಿಯಮಗಳೇ ಅನ್ವಯಿಸುತ್ತವೆ. ಈ ದಾರಿಯನ್ನು ಶೈಲಿಯ ಹಾಳೆಯಲ್ಲಿ ಬಳಸಿದರೆ ಅದರ ತೂಕ ಐಡಿಯ ತೂಕವಲ್ಲ, ಒಂದು ಕ್ಲಾಸಿನ ತೂಕ. ಬೇರೆ ನಿಯಮವೊಂದು ಇದನ್ನು ಸುಲಭವಾಗಿ ಮೀರಿಸಬಹುದು.

ಕೈಯಿಂದಲೇ ಹಿಂಗೆರೆ ಹಾಕಬಹುದಲ್ಲ ಎಂದು ನೀವು ಕೇಳಬಹುದು. ಶೈಲಿಯ ಹಾಳೆಯಲ್ಲಿ ‘#’ ಬಳಸಿಯೇ ಬರೆಯಬೇಕೆಂದರೆ ಬೇರೆ ದಾರಿಯಿಲ್ಲ, ಕೈಯಿಂದಲೇ ಹಾಕಬೇಕು. ಆದ್ದರಿಂದ ನಿಯಮವನ್ನು ಸರಿಯಾಗಿ ತಿಳಿದುಕೊಳ್ಳುವುದು ಒಳ್ಳೆಯದು.

ಹಿಂಗೆರೆಯ ಮುಂದೆ ಚಿಹ್ನೆ ಇದ್ದರೆ ಆ ಚಿಹ್ನೆ ತನ್ನ ವಿಶೇಷ ಅರ್ಥ ಕಳೆದುಕೊಂಡು ಬರಿಯ ಅಕ್ಷರವಾಗುತ್ತದೆ. ‘#ಮೆಣಸಿನಕಾಯಿ\.ಡಬ್ಬಿ’ ಎಂದರೆ ಸಾಕು. ಆದರೆ ಹಿಂಗೆರೆಯ ಮುಂದೆ ಅಂಕಿ ಇದ್ದರೆ ಬ್ರೌಸರ್ ಅದನ್ನು ಯೂನಿಕೋಡ್ ಸಂಕೇತದ ಸಂಖ್ಯೆ ಎಂದು ಓದುತ್ತದೆ, ಅದೂ ಹದಿನಾರರ ಪದ್ಧತಿಯಲ್ಲಿ, ಒಂದರಿಂದ ಆರು ಸ್ಥಾನಗಳವರೆಗೆ. ಹಾಗಾಗಿ ‘\2’ ಎಂದು ಬರೆದರೆ ಎರಡು ಸಿಗುವುದಿಲ್ಲ, ಕಣ್ಣಿಗೆ ಕಾಣದ ನಿಯಂತ್ರಣ ಸಂಕೇತವೊಂದು ಸಿಗುತ್ತದೆ. ಎರಡರ ಸಂಕೇತ 32. ಯಾವ ಅಂಕಿಗಾದರೂ ಮುಂದೆ ಒಂದು 3 ಸೇರಿಸಿದರಾಯಿತು: 1ಕ್ಕೆ 31, 9ಕ್ಕೆ 39.

ಸಂಖ್ಯೆ ಎಲ್ಲಿ ಮುಗಿಯಿತು ಎಂದು ತೋರಿಸಲು ಒಂದು ಖಾಲಿ ಜಾಗ ಬಿಡುತ್ತಾರೆ. ಆ ಖಾಲಿ ಜಾಗ ಸಂಕೇತದ ಭಾಗ, ಅದನ್ನು ಬ್ರೌಸರ್ ನುಂಗಿಕೊಳ್ಳುತ್ತದೆ. ‘\32 ನೇ-ದರ್ಜೆ’ಯಲ್ಲಿ ಆ ಜಾಗ ಬಿಡದಿದ್ದರೂ ನಡೆಯುತ್ತದೆ, ಏಕೆಂದರೆ ‘ನೇ’ ಹದಿನಾರರ ಅಂಕಿಯಾಗಲು ಸಾಧ್ಯವಿಲ್ಲ. ‘12ನೇ-ವಾರ್ಡ್’ ಎಂಬ ಐಡಿಗೆ ಮಾತ್ರ ‘\31 2ನೇ-ವಾರ್ಡ್’ ಎಂದೇ ಬರೆಯಬೇಕು. ಜಾಗ ಬಿಡದೆ ‘\312’ ಎಂದರೆ 31ನೆಯ ಸಂಕೇತ ಹೋಗಿ 312ನೆಯ ಸಂಕೇತದ ಬೇರೊಂದು ಅಕ್ಷರ ಬರುತ್ತದೆ. ಸಾಲನ್ನು ಅಚ್ಚುಕಟ್ಟು ಮಾಡುವ ಉಪಕರಣಗಳೋ ಸಹೋದ್ಯೋಗಿಗಳೋ ಆ ಜಾಗವನ್ನು ಕಸವೆಂದು ಅಳಿಸಿ ಪುಟ ಕೆಡಿಸುವುದುಂಟು. ಆ ಭಯವಿದ್ದರೆ ಆರೂ ಸ್ಥಾನ ತುಂಬಿ ‘\0000312ನೇ-ವಾರ್ಡ್’ ಎಂದು ಬರೆಯಿರಿ. ಆರು ಸ್ಥಾನ ತುಂಬಿದ ಮೇಲೆ ಬ್ರೌಸರ್ ತಾನಾಗಿಯೇ ನಿಲ್ಲುತ್ತದೆ, ಉಳಿದ 2 ಬರಿಯ 2 ಆಗಿಯೇ ಉಳಿಯುತ್ತದೆ. ಇಂಗ್ಲಿಷಿನ ಮೊದಲ ಆರು ಅಕ್ಷರಗಳೂ ಹದಿನಾರರ ಪದ್ಧತಿಯಲ್ಲಿ ಅಂಕಿಗಳೇ. ಅವುಗಳ ಹಿಂದೆ ಹುಷಾರಿಗಿರಲಿ ಎಂದು ಒಂದು ಹಿಂಗೆರೆ ಹಾಕಿದವರು ಇಡೀ ಮಧ್ಯಾಹ್ನ ಕಳೆದುಕೊಂಡದ್ದನ್ನು ಬಲ್ಲೆ. ಕನ್ನಡ ಅಕ್ಷರದ ಹಿಂದೆ ಹಾಕಿದರೆ ಏನೂ ಆಗುವುದಿಲ್ಲ, ಅನಗತ್ಯ ಅಷ್ಟೇ.

ಇದೇ ಸೆಲೆಕ್ಟರನ್ನು ಜಾವಾಸ್ಕ್ರಿಪ್ಟ್‌ನ ಉದ್ಧರಣ ಚಿಹ್ನೆಯೊಳಗೆ ಬರೆದರೆ ಇನ್ನೊಂದು ಪದರ ಸೇರುತ್ತದೆ. ಜಾವಾಸ್ಕ್ರಿಪ್ಟ್‌ಗೂ ಹಿಂಗೆರೆ ವಿಶೇಷ ಚಿಹ್ನೆಯೇ. "#ಅಡಿಕೆ\:ರಾಶಿ" ಎಂದು ಬರೆದರೆ ಅದು ಹಿಂಗೆರೆಯನ್ನು ಸದ್ದಿಲ್ಲದೆ ತಿಂದುಹಾಕಿ ಸೆಲೆಕ್ಟರ್‌ಗೆ ಬರಿಯ ಕೋಲನ್ ದಾಟಿಸುತ್ತದೆ. ಹಿಂಗೆರೆ ಹಾಕಿಯೂ ಅದೇ ದೋಷ ಬರುತ್ತಿದೆ ಎಂದು ದೂರುವವರಲ್ಲಿ ಹೆಚ್ಚಿನವರ ಕಥೆ ಇದೇ. ಅಲ್ಲಿ ಎರಡು ಹಿಂಗೆರೆ ಬೇಕು: "#ಅಡಿಕೆ\\:ರಾಶಿ". ಈ ಎಣಿಕೆಯಿಂದ ಪಾರಾಗಲೆಂದೇ ನಾನು ಸ್ಕ್ರಿಪ್ಟ್‌ನಲ್ಲಿ ಕೈಯಿಂದ ಹಿಂಗೆರೆ ಹಾಕುವುದನ್ನು ಯಾರಿಗೂ ಸಲಹೆ ಮಾಡುವುದಿಲ್ಲ.

ಶೈಲಿಯ ಹಾಳೆಯ ಬಗ್ಗೆ ಇನ್ನೊಂದು ಎಚ್ಚರಿಕೆ. ಅಲ್ಲಿ ತಪ್ಪಾದ ಸೆಲೆಕ್ಟರ್ ಯಾವ ಸಂದೇಶವನ್ನೂ ಪರದೆಗೆ ತರುವುದಿಲ್ಲ, ಇಡೀ ನಿಯಮವೇ ಬಿದ್ದುಹೋಗುತ್ತದೆ. ‘#ಏಲಕ್ಕಿ, #ಅಡಿಕೆ:ರಾಶಿ’ ಎಂದು ಅಲ್ಪವಿರಾಮ ಹಾಕಿ ಎರಡಕ್ಕೂ ಬಣ್ಣ ಕೊಟ್ಟರೆ ತಪ್ಪಿಲ್ಲದ ಏಲಕ್ಕಿಗೂ ಬಣ್ಣ ಬರುವುದಿಲ್ಲ.

ನಿಮ್ಮ ಐಡಿಗಳನ್ನು ನೀವೇ ಇಟ್ಟಿದ್ದೀರಿ, ಬದಲಿಸಬಹುದು. ಎಲ್ಲರಿಗೂ ಆ ಭಾಗ್ಯವಿಲ್ಲ, ವೆಬ್ ಪುಟ ಕಟ್ಟುವ ಹಲವು ಸಲಕರಣೆಗಳು ಹೆಸರನ್ನು ತಾವೇ ನಿರ್ಧರಿಸುತ್ತವೆ. ಜಾವಾ ಸರ್ವರ್ ಫೇಸಸ್ ತಾನೇ ಹುಟ್ಟಿಸುವ ಐಡಿಗಳಲ್ಲಿ ಫಾರ್ಮ್ ಮತ್ತು ಅದರೊಳಗಿನ ಅಂಶದ ನಡುವೆ ಕೋಲನ್ ಇರುತ್ತದೆ. ಪಿಎಚ್‌ಪಿಗೆ ಪಟ್ಟಿಯಾಗಿ ಹೋಗಬೇಕಾದ ಫಾರ್ಮ್ ಹೆಸರುಗಳ ಕೊನೆಯಲ್ಲಿ ಚೌಕ ಆವರಣ ಇರುತ್ತದೆ. ಟೈಲ್‌ವಿಂಡ್‌ನ ಕ್ಲಾಸ್ ಹೆಸರುಗಳಲ್ಲಿ ಕೋಲನ್, ಓರೆಗೆರೆ, ಚುಕ್ಕಿ, ಆವರಣ ಎಲ್ಲವೂ ಸಾಮಾನ್ಯ. ರಿಯಾಕ್ಟ್ 18ರ ‘ಯೂಸ್‌ಐಡಿ’ ಕೊಡುತ್ತಿದ್ದ ಐಡಿಯ ಎರಡೂ ತುದಿಯಲ್ಲಿ ಕೋಲನ್ ಇರುತ್ತಿತ್ತು. ಇವೆಲ್ಲಕ್ಕೂ ಮೇಲಿನ ಮದ್ದುಗಳೇ ಸಾಕು.

ನಿಮ್ಮ ಪುಟದಲ್ಲಿ ಮೇಲೆ ಬೆಳೆಗಳ ಪಟ್ಟಿ ಇದ್ದು, ಹೆಸರು ಒತ್ತಿದರೆ ಆ ಸಾಲಿಗೆ ಹೋಗುವ ಲಿಂಕ್ ಇದ್ದರೆ ಇನ್ನೊಂದು ಬಲೆ ಕಾದಿದೆ. ಇಲ್ಲಿ ಮಾತ್ರ ಕನ್ನಡಕ್ಕೆ ಸ್ವಲ್ಪ ಪಾತ್ರವಿದೆ. ವಿಳಾಸದ ಕೊನೆಯ ‘#ಏಲಕ್ಕಿ’ಯನ್ನು ಸ್ಕ್ರಿಪ್ಟ್ ‘ಲೊಕೇಶನ್.ಹ್ಯಾಶ್’ನಿಂದ ಓದಿದಾಗ ಕೈಗೆ ಬರುವುದು ಕನ್ನಡವಲ್ಲ, ಶೇಕಡಾ ಚಿಹ್ನೆಗಳ ಸರಮಾಲೆ. ಯೂನಿಕೋಡ್ ಲೆಕ್ಕದಲ್ಲಿ ಏಲಕ್ಕಿ ಎಂಬ ಪದ 6 ಸಂಕೇತಗಳದ್ದು: ಏ, ಲ, ಕ, ಹಲಂತ, ಕ, ಗುಡಿಸು. ಸಂಕೇತಗಳನ್ನು ಬೈಟ್‌ಗಳಾಗಿ ಬರೆಯುವ ಯುಟಿಎಫ್-8 ಪದ್ಧತಿಯಲ್ಲಿ ಒಂದೊಂದಕ್ಕೂ 3 ಬೈಟ್, ಒಂದೊಂದು ಬೈಟಿಗೂ ಒಂದು ಶೇಕಡಾ ಚಿಹ್ನೆ. ಒಟ್ಟು 18. ಇದನ್ನು ಹಾಗೆಯೇ ‘ಕ್ವೆರಿಸೆಲೆಕ್ಟರ್’ಗೆ ಕೊಟ್ಟರೆ ಮೊದಲ ಶೇಕಡಾ ಚಿಹ್ನೆಯಲ್ಲೇ ಎಡವುತ್ತದೆ. ಸ್ಕ್ರಿಪ್ಟ್ ಇಲ್ಲದೆ ಲಿಂಕ್ ಒತ್ತಿದರೆ ಬ್ರೌಸರ್ ಸರಿಯಾದ ಜಾಗಕ್ಕೇ ಒಯ್ಯುತ್ತದೆ, ಏಕೆಂದರೆ ಅದು ಬಿಡಿಸಿ ಓದಿಯೂ ಹುಡುಕುತ್ತದೆ. ಸ್ಕ್ರಿಪ್ಟ್‌ನಲ್ಲಿ ಆ ಕೆಲಸ ನಿಮ್ಮದು. ಮೊದಲ ‘#’ ತೆಗೆಯಿರಿ, ‘ಡಿಕೋಡ್‌ಯುಆರ್‌ಐಕಾಂಪೊನೆಂಟ್’ ಮೂಲಕ ಹಾಯಿಸಿ, ಸಿಕ್ಕ ಕನ್ನಡ ಪದವನ್ನು ‘ಗೆಟ್‌ಎಲಿಮೆಂಟ್‌ಬೈಐಡಿ’ಗೆ ಕೊಡಿ. ಯಾರಾದರೂ ಅರ್ಧಂಬರ್ಧ ವಿಳಾಸ ಕೊಟ್ಟರೆ ಆ ಡಿಕೋಡ್ ಫಂಕ್ಷನ್ ದೋಷ ಎಸೆಯುತ್ತದೆ, ಹಿಡಿದುಕೊಳ್ಳಲು ಸಿದ್ಧರಿರಿ. ವಿಳಾಸದಲ್ಲಿ ಯಾರು ಏನನ್ನಾದರೂ ಬರೆಯಬಹುದು ಎಂಬುದೂ ಮನಸ್ಸಿನಲ್ಲಿರಲಿ. ‘ಲೊಕೇಶನ್.ಹ್ಯಾಶ್’ ಅನ್ನು ನೇರವಾಗಿ ಜೆಕ್ವೆರಿಗೆ ಕೊಡುವ ಅಭ್ಯಾಸದಿಂದ ಪುಟದೊಳಗೆ ಪರರ ಕೋಡ್ ನುಸುಳುವ ಬಿರುಕು ಉಂಟಾಗಿತ್ತು. 2011ರ 1.6.3 ಆವೃತ್ತಿಯಲ್ಲಿ ಅದನ್ನು ಮುಚ್ಚಬೇಕಾಯಿತು.

ಕನ್ನಡ ಐಡಿಗಳಿಗೇ ವಿಶಿಷ್ಟವಾದ ಎರಡು ತೊಡಕುಗಳನ್ನು ಹೇಳದೆ ಮುಗಿಸಲಾಗದು. ಇವು ಸೆಲೆಕ್ಟರ್ ವ್ಯಾಕರಣದ ತಪ್ಪುಗಳಲ್ಲ. ಆದ್ದರಿಂದ ಎಸ್ಕೇಪ್ ಮಾಡಿದರೂ ಹೋಗುವುದಿಲ್ಲ, ‘ಗೆಟ್‌ಎಲಿಮೆಂಟ್‌ಬೈಐಡಿ’ ಬಳಸಿದರೂ ಹೋಗುವುದಿಲ್ಲ.

ಮೊದಲನೆಯದು ಕಣ್ಣಿಗೆ ಕಾಣದ ಬೇರ್ಪಡಿಕೆ, ಝಡ್‌ಡಬ್ಲ್ಯೂಎನ್‌ಜೆ ಎಂದು ಕರೆಯುವ ಸಂಕೇತ. ‘ಕ್ವಿಂಟಲ್‌ಗೆ’ ಎಂದು ಬರೆಯುವಾಗ ‘ಗೆ’ ಒತ್ತಕ್ಷರವಾಗಿ ಕೆಳಗಿಳಿಯದಂತೆ ತಡೆಯುವುದು ಅದೇ. ಪದದ ನಡುವೆ ಇದ್ದರೆ ಅದರ ಪರಿಣಾಮವಾದರೂ ಕಾಣುತ್ತದೆ. ‘ಕ್ವಿಂಟಲ್-ದರ’ ಎಂಬಂತೆ ಅಡ್ಡಗೆರೆಯ ಮುಂಚೆ ಬಂದು ಕೂತರೆ ಏನೂ ಕಾಣದು. ಕೆಲವು ಟೈಪಿಂಗ್ ಸಲಕರಣೆಗಳು ವ್ಯಂಜನಾಂತ್ಯ ಪದದ ಕೊನೆಗೆ ಅದನ್ನು ತಾವಾಗಿಯೇ ಸೇರಿಸುತ್ತವೆ. ಪುಟದ ಐಡಿಯಲ್ಲಿ ಅದಿದ್ದು ಸ್ಕ್ರಿಪ್ಟ್‌ನಲ್ಲಿ ಇಲ್ಲದಿದ್ದರೆ ಎರಡೂ ಬೇರೆ ಹೆಸರುಗಳು, ನೋಡಲು ಮಾತ್ರ ತದ್ರೂಪ. ‘ಟ್ರಿಮ್’ ಫಂಕ್ಷನ್ ಇದನ್ನು ತೆಗೆಯುವುದಿಲ್ಲ, ಅದರ ಲೆಕ್ಕದಲ್ಲಿ ಇದು ಖಾಲಿ ಜಾಗವೇ ಅಲ್ಲ.

ಎರಡನೆಯದು ದೀರ್ಘಗಳ ಜೋಡಣೆ. ‘ಜೋ’ದ ಓತ್ವವನ್ನು ಯೂನಿಕೋಡ್‌ನಲ್ಲಿ ಒಂದೇ ಸಂಕೇತವಾಗಿಯೂ ಬರೆಯಬಹುದು, ಎತ್ವ, ಕೊಂಬಿನ ದೀರ್ಘ ಮತ್ತು ದೀರ್ಘದ ಗುರುತು ಎಂಬ ಮೂರು ಸಂಕೇತಗಳಾಗಿ ಬಿಡಿಸಿಯೂ ಬರೆಯಬಹುದು. ಎರಡಕ್ಕೂ ಪರದೆಯ ಮೇಲೆ ಒಂದೇ ರೂಪ. ‘ಜೋಳ’ ಎಂಬ ಪದದ ಉದ್ದವನ್ನು ಜಾವಾಸ್ಕ್ರಿಪ್ಟ್‌ನಲ್ಲಿ ಕೇಳಿ ನೋಡಿ. 3 ಬಂದರೆ ಕೂಡಿಸಿದ ರೂಪ, 5 ಬಂದರೆ ಬಿಡಿಸಿದ ರೂಪ. ಸೆಲೆಕ್ಟರ್‌ಗಳು ಇವೆರಡನ್ನು ಒಂದೆಂದು ಪರಿಗಣಿಸುವುದಿಲ್ಲ. ದರದ ಪಟ್ಟಿಯನ್ನು ಬೇರೆಡೆಯಿಂದ ನಕಲು ಮಾಡಿ ತರುತ್ತಿದ್ದರೆ ಐಡಿ ಹುಟ್ಟುವ ಜಾಗದಲ್ಲೂ ಹುಡುಕುವ ಜಾಗದಲ್ಲೂ ‘ನಾರ್ಮಲೈಜ್’ ಫಂಕ್ಷನ್ ಓಡಿಸಿ, ಅದು ಕೂಡಿಸಿದ ರೂಪಕ್ಕೆ ತರುತ್ತದೆ. ಕಾಣದ ಬೇರ್ಪಡಿಕೆಯನ್ನು ಅದು ಮುಟ್ಟುವುದಿಲ್ಲ, ಅದನ್ನು ಪ್ರತ್ಯೇಕವಾಗಿ ಅಳಿಸಬೇಕು. ಐಡಿಯಲ್ಲಿ ಮಾತ್ರ ಅಳಿಸಿ. ಓದುಗರಿಗೆ ಕಾಣುವ ಪಠ್ಯದಲ್ಲಿ ಅಳಿಸಿದರೆ ‘ಕ್ವಿಂಟಲ್‌ಗೆ’ ಎಂಬಂಥ ಪದಗಳ ರೂಪವೇ ಕೆಡುತ್ತದೆ.

ನಿಮ್ಮ ಪುಟಕ್ಕೆ ನಾನು ಹೀಗೆ ಮಾಡುತ್ತಿದ್ದೆ. ಐಡಿಯಲ್ಲಿ ಕೋಲನ್ ಮತ್ತು ಚುಕ್ಕಿಯ ಜಾಗಕ್ಕೆ ಅಡ್ಡಗೆರೆ: ‘ಅಡಿಕೆ-ರಾಶಿ’, ‘ಮೆಣಸಿನಕಾಯಿ-ಡಬ್ಬಿ’. ಅಂಕಿಯನ್ನು ಹಿಂದಕ್ಕೆ ತಳ್ಳಿ ‘ದರ್ಜೆ-2’. ಮುಂದೆ ‘ಒಣ ಮೆಣಸಿನಕಾಯಿ’ಯಂಥ ಹೆಸರು ಬಂದರೆ ನಡುವಿನ ಜಾಗಕ್ಕೂ ಅಡ್ಡಗೆರೆಯೇ. ಬೆಳೆಯ ನಿಜವಾದ ಹೆಸರು ಹೇಗಿದೆಯೋ ಹಾಗೆ ಬೇಕಾದರೆ ಅದನ್ನು ‘ಡೇಟಾ-ಬೆಳೆ’ ಎಂಬಂಥ ಗುಣಲಕ್ಷಣದಲ್ಲಿ ಇಡಿ. ಅದರಲ್ಲಿ ಕೋಲನ್ ಬರಲಿ, ಆವರಣ ಬರಲಿ, ತೊಂದರೆಯಿಲ್ಲ. ಸಾಲುಗಳನ್ನು ಸ್ಕ್ರಿಪ್ಟ್‌ನಿಂದಲೇ ಕಟ್ಟುತ್ತಿದ್ದರೆ ಕಟ್ಟುವಾಗಲೇ ಬೆಳೆಯ ಹೆಸರಿಗೆ ಆ ಸಾಲನ್ನು ಜೋಡಿಸಿ ಒಂದು ‘ಮ್ಯಾಪ್’ನಲ್ಲಿ ಇಟ್ಟುಕೊಳ್ಳಿ, ಆಮೇಲೆ ಪುಟದಲ್ಲಿ ಹುಡುಕುವ ಪ್ರಮೇಯವೇ ಬರುವುದಿಲ್ಲ.

ಹಳೆಯ ಐಡಿ ಇರುವ ಲಿಂಕುಗಳು ಈಗಾಗಲೇ ಬೆಳೆಗಾರರ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಹರಿದಾಡುತ್ತಿದ್ದರೆ ಮಾತ್ರ ಐಡಿಗಳನ್ನು ಮುಟ್ಟಬೇಡಿ, ಬದಲಿಸಿದರೆ ಆ ಲಿಂಕ್ ಒತ್ತಿದವರು ಪುಟದ ಮೇಲ್ತುದಿಯಲ್ಲೇ ನಿಲ್ಲುತ್ತಾರೆ. ಆಗ ‘ಅಡಿಕೆ:ರಾಶಿ’ಯನ್ನು ಹಾಗೆಯೇ ಬಿಟ್ಟು ಸ್ಕ್ರಿಪ್ಟ್‌ನಲ್ಲಿ ‘ಗೆಟ್‌ಎಲಿಮೆಂಟ್‌ಬೈಐಡಿ’, ಶೈಲಿಯ ಹಾಳೆಯಲ್ಲಿ ಐಡಿಯ ಬದಲು ಒಂದು ಕ್ಲಾಸ್ ಬಳಸಿಕೊಳ್ಳಿ.